ಹೊಡೆತ ತೋರಿಸದೆ ಹೆದರಿಸುವ ಸಿನಿಮಾ

ಫ್ರಾನ್ಸಿನ ಕ್ಸೇವಿಯರ್ ಲೆಗ್ರಾಂಡ್ ನಿರ್ದೇಶನದ 'ಕಸ್ಟಡಿ' ನೋಡಿದೆ. 2017ರದ್ದು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಸಿಲ್ವರ್ ಲಯನ್ ಪ್ರಶಸ್ತಿ ಸಿಕ್ಕಿದ್ದು. ಮನೆಯೊಳಗಿನ ದೌರ್ಜನ್ಯದ ಕಥೆ, ಆದರೆ ಹೊಡೆತ ಬಡಿತ ಕಾಣುವುದೇ ಅಪರೂಪ. ಗಂಡ ಹೆಂಡತಿ ಬೇರೆಯಾಗಿದ್ದಾರೆ, ನ್ಯಾಯಾಧೀಶರ ಎದುರು ಕೂತಿದ್ದಾರೆ, ಮಗ ಆಗಾಗ ಅಪ್ಪನ ಜೊತೆ ಹೋಗಲೇಬೇಕು ಅಂತ ತೀರ್ಮಾನ ಆಗುತ್ತದೆ, ಆಮೇಲೆ ಇಡೀ ಸಿನಿಮಾ ಆ ಹುಡುಗನ ಮುಖದ ಮೇಲೇ ನಡೆಯುತ್ತದೆ ಅನ್ನಬಹುದು. ಅಮ್ಮನ ಹೊಸ ಮನೆ ಎಲ್ಲಿ ಅಂತ ಅಪ್ಪನಿಗೆ ಗೊತ್ತಾಗಬಾರದು ಅಂತ ಕಾರಿನಲ್ಲಿ ಕೂತು ಸುಳ್ಳು ಹೇಳುತ್ತಾನೆ ಪಾಪ. ಸೀಟ್ ಬೆಲ್ಟಿನ ಟಿಣ್ ಟಿಣ್ ಸದ್ದಿಗೇ ನನಗೆ ಬೆವರು ಬಂತು.

ನಮ್ಮ ಶಿರಸಿ ಕಡೆ ಒಂಟಿ ಮನೆಗಳು ಜಾಸ್ತಿ. ಅಡಿಕೆ ತೋಟದ ಪಕ್ಕ ಒಂದು ಮನೆ, ಇನ್ನೊಂದು ಮನೆಗೆ ಗದ್ದೆ ದಾಟಿ ಹೋಗಬೇಕು. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗ ಒಳಗೆ ಯಾರು ಕೂಗಿದರೂ ಕೇಳುವುದಿಲ್ಲ, ಕೇಳಿದರೂ 'ಅವರ ಮನೆ ಸುದ್ದಿ ನಮಗ್ಯಾಕೆ' ಅಷ್ಟೇ. ಕುಮಟಾದ ಗೆಳತಿಯೊಬ್ಬಳಿದ್ದಾಳೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯಿತು, ಈಗಲೂ ಗೇಟಿನ ಸದ್ದಾದರೆ ಟಿವಿ ಧ್ವನಿ ಕಡಿಮೆ ಮಾಡುತ್ತಾಳೆ. ಗಂಡ ಸಾಧು ಮನುಷ್ಯ, ಅವನಿಗೆ ಇದು ಅರ್ಥವೇ ಆಗುವುದಿಲ್ಲ.

ಮನೆಯೊಳಗಿನ ದೌರ್ಜನ್ಯದಿಂದ ಹೆಂಗಸರನ್ನು ಕಾಪಾಡುವ ಕಾನೂನು 2005ರಲ್ಲೇ ಬಂತು. ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು, ಇವೂ ದೌರ್ಜನ್ಯವೇ ಅಂತ ಅದರಲ್ಲಿದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಆದರೂ 'ಸ್ವಲ್ಪ ಸಿಟ್ಟು ಜಾಸ್ತಿ, ಅದೊಂದು ಬಿಟ್ಟರೆ ಬಂಗಾರದಂಥ ಮನುಷ್ಯ' ಅಂತಾರಲ್ವಾ, ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಸಿನಿಮಾ ಒಂದೂವರೆ ಗಂಟೆಯದ್ದು. ಮಕ್ಕಳನ್ನು ಪಕ್ಕ ಕೂರಿಸಿಕೊಂಡು ನೋಡಬೇಡಿ, ಕೊನೆಯ ಹದಿನೈದು ನಿಮಿಷ ಅಂತೂ ಬೇಡವೇ ಬೇಡ.