ಯೂರಿನ್ ಬ್ಯಾಗ್ ನೋಡದೆ ಬರೆದ ಆರ್ಡರ್

ರಾತ್ರಿ ಹನ್ನೊಂದಕ್ಕೆ ಲ್ಯಾಬಿನಿಂದ ಫೋನ್ ಬಂತು. ಸೋಡಿಯಂ 126. ಹಿಂದಿನ ದಿನ 137 ಇತ್ತು. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಹುಡುಗ, ವೆಂಟಿಲೇಟರ್ ಮೇಲೆ ಆರನೇ ದಿನ. ನಾನು ಐಸಿಯು ಪಕ್ಕದ ರೂಮಿನಲ್ಲಿ ತಣ್ಣಗಾದ ಇಡ್ಲಿ ತಿನ್ನುತ್ತಿದ್ದೆ.

ತಲೆಗೆ ಜೋರು ಪೆಟ್ಟಾದವರಲ್ಲಿ ಸೋಡಿಯಂ ಇಳಿದರೆ ನೀರು ಮೆದುಳಿನ ಜೀವಕೋಶಗಳೊಳಗೆ ನುಗ್ಗುತ್ತದೆ. ಮೊದಲೇ ಊದಿಕೊಂಡ ಮೆದುಳು ಇನ್ನಷ್ಟು ಊದುತ್ತದೆ, ಬುರುಡೆಯಂತೂ ಹಿಗ್ಗುವುದಿಲ್ಲ. ಅದಕ್ಕೇ ಇವರಿಗೆ ಸುಮ್ನೆ 5% ಡೆಕ್ಸ್ಟ್ರೋಸ್, ಅಂದರೆ ಸಕ್ಕರೆ ನೀರು, ಏರಿಸುವುದಿಲ್ಲ. ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಉಪ್ಪು ನೀರು, ಅಂದರೆ ನಾರ್ಮಲ್ ಸಲೈನೇ ಹಾಕುತ್ತೇವೆ.

ಇದೆಲ್ಲ ನನಗೆ ಬಾಯಿಪಾಠ. ಎಸ್‌ಐಎಡಿಎಚ್ ಕೂಡ ಬಾಯಿಪಾಠ: ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ತೆಳುವಾಗುತ್ತದೆ, ನೀರು ಕಡಿಮೆ ಮಾಡಬೇಕು. ಇದೂ ಅದೇ ಅಂದುಕೊಂಡು 'ದಿನಕ್ಕೆ ಒಂದೇ ಲೀಟರ್' ಅಂತ ಬರೆದು ಬಂದು ಇಡ್ಲಿ ಮುಗಿಸಿದೆ.

ಬೆಳಗಿನ ಜಾವ ನಾಲ್ಕಕ್ಕೆ ಸಿಸ್ಟರ್ ಎಬ್ಬಿಸಿದರು. ಪಲ್ಸ್ 128, ಮೇಲಿನ ಬಿಪಿ 92.

"ಡಾಕ್ಟ್ರೇ, ಬ್ಯಾಗ್ ಖಾಲಿ ಮಾಡಿ ಮಾಡಿ ಸಾಕಾಯ್ತು. ನೀವು ನೋಡಿದ್ರೆ ನೀರು ಕಟ್ ಮಾಡಿದೀರಿ."

ಚಾರ್ಟ್ ತಿರುಗಿಸಿ ತೋರಿಸಿದರು. ಹಿಂದಿನ 24 ಗಂಟೆಯಲ್ಲಿ ಒಳಗೆ ಮೂರು ಲೀಟರ್, ಹೊರಗೆ 4.8. ಕೆಳಗೆ ಕೆಂಪು ಪೆನ್ನಿನಲ್ಲಿ ಮೈನಸ್ 1.8. ನಾನು ಆರ್ಡರ್ ಬರೆದ ಹಾಳೆಯ ಹಿಂದೆಯೇ ಆ ಹಾಳೆ ಇತ್ತು.

ಇದು ಸೆರೆಬ್ರಲ್ ಸಾಲ್ಟ್ ವೇಸ್ಟಿಂಗ್. ಕಿಡ್ನಿ ಉಪ್ಪನ್ನು ಹೊರಗೆ ಸುರಿಯುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಕಷ್ಟ ಏನಂದ್ರೆ, ನಾನು ಅಂದುಕೊಂಡಿದ್ದು ಮತ್ತು ಇದು, ಎರಡರಲ್ಲೂ ರಕ್ತದ ಸೋಡಿಯಂ ಕಡಿಮೆ, ಮೂತ್ರದ ಸೋಡಿಯಂ ಜಾಸ್ತಿ. ಲ್ಯಾಬ್ ರಿಪೋರ್ಟ್ ಒಂದನ್ನೇ ಹಿಡಿದು ಕೂತರೆ ಗೊತ್ತಾಗುವುದಿಲ್ಲ. ಮೈಯಲ್ಲಿ ನೀರು ಇದೆಯೋ, ಬತ್ತಿದೆಯೋ ಅನ್ನುವುದರಲ್ಲೇ ವ್ಯತ್ಯಾಸ. ಚಿಕಿತ್ಸೆಯಂತೂ ಪೂರ್ತಿ ಉಲ್ಟಾ. ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಕೊಟ್ಟಾಗಲೂ ಮೂತ್ರ ಹೀಗೇ ಹರಿಯುತ್ತದೆ, ಆದರೆ ಅವನಿಗೆ ಎರಡು ದಿನದಿಂದ ಕೊಟ್ಟಿರಲಿಲ್ಲ. ಮೂತ್ರದಲ್ಲಿ ಬರೀ ನೀರು ಹೋಗುವ ಡಯಾಬಿಟಿಸ್ ಇನ್ಸಿಪಿಡಸ್ ಆಗಿದ್ದರೆ ಸೋಡಿಯಂ ಇಳಿಯುವ ಬದಲು ಏರಬೇಕಿತ್ತು.

ನೀರು ಬತ್ತಿದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಆ 92. ಅವನ ವಯಸ್ಸಿಗೆ 110ರ ಕೆಳಗೆ ಇಳಿಯಲು ಬಿಡಬಾರದು. ಪೆಟ್ಟಾದ ಮೆದುಳಿಗೆ ರಕ್ತ ಸಾಲದಿದ್ದರೆ ಅದು ಎರಡನೇ ಪೆಟ್ಟು, ಅದೂ ನನ್ನ ಕೈಯಿಂದ.

ಸೀನಿಯರ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಬೈಗುಳ ಬೆಳಿಗ್ಗೆಗೆ ಉಳಿಯಿತು. ಸಲೈನ್ ಜೋರಾಗಿ ಬಿಟ್ಟೆವು. ಆಮೇಲೆ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನಿನಲ್ಲಿ ಪಂಪ್ ಹಾಕಿ, ಉಪ್ಪು ಜಾಸ್ತಿ ಇರುವ 3% ಸಲೈನ್. ಆರು ಗಂಟೆಗೊಮ್ಮೆ ಸೋಡಿಯಂ, ದಿನಕ್ಕೆ ಎಂಟು ಹತ್ತಕ್ಕಿಂತ ಜಾಸ್ತಿ ಏರದ ಹಾಗೆ. ಅವಸರದಲ್ಲಿ ಏರಿಸಿದರೆ ಮೆದುಳಿನ ನರಗಳ ಹೊದಿಕೆಯೇ ಹಾಳಾಗಬಹುದು. ಜೊತೆಗೆ ಕಿಡ್ನಿ ಉಪ್ಪು ಹಿಡಿದಿಡಲು ಫ್ಲೂಡ್ರೊಕಾರ್ಟಿಸೋನ್, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಉಪ್ಪು.

ಉಪ್ಪು ಅಂದರೆ ಅಡುಗೆ ಉಪ್ಪೇ. ತೂಕ ಮಾಡಿ ನೀರಿಗೆ ಕಲಸಿ ಬಿಡುವುದನ್ನು ಹುಡುಗನ ತಾಯಿ ನೋಡಿದರು. "ಅಷ್ಟು ಉಪ್ಪು ಹಾಕಿದ್ರೆ ಬಿಪಿ ಜಾಸ್ತಿ ಆಗಲ್ವಾ ಡಾಕ್ಟ್ರೇ?" ಅಂದರು.

ಆಗಲಿ ಅಂತಲೇ ಹಾಕ್ತಿರೋದು ಅಮ್ಮ, ಅಂದೆ.