ಎಡಗಡೆಯಿಂದ ಕರೆದರೆ

ಬೊಟ್ಟುವನ್ನು ಕರೆದುಕೊಂಡು ಹೊರಟರೆ ಇಪ್ಪತ್ತು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಡಾಲ್ಮೇಷಿಯನ್ ನಾಯಿ. ಬಿಳಿ ಮೈ ಮೇಲೆ ಇಂಕು ಚಿಮುಕಿಸಿದ ಹಾಗೆ ಕಪ್ಪು ಚುಕ್ಕಿ. ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರು, ಬಣ್ಣ ಹೊಡೆಸಿದ್ದಾ ಎಂದು ಕೇಳುವವರು (ಒಬ್ಬರು ಬೆರಳು ಒದ್ದೆ ಮಾಡಿಕೊಂಡು ಉಜ್ಜಿಯೂ ನೋಡಿದರು), ಎಲ್ಲರೂ ಸಿಗುತ್ತಾರೆ. ಹಗ್ಗದ ಈ ತುದಿಯಲ್ಲಿರುವ ನನ್ನ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈ ಮಂಗಳವಾರ ಸಿಕ್ಕಿದ್ದು ಒಬ್ಬ ಅಪ್ಪ, ಏಳೆಂಟು ವರ್ಷದ ಮಗಳು. “ಮೇಡಂ, ನಾವೂ ಇಂಥದ್ದೇ ತರ್ತಿದ್ದೀವಿ, ಇವಳ ಬರ್ತ್‌ಡೇಗೆ” ಎಂದರು ಅಪ್ಪ. ಅಷ್ಟರಲ್ಲಿ ಹುಡುಗಿ ಎಡಗಡೆ ಕೂತು “ಬೊಟ್ಟೂ” ಎಂದಳು. ಬೊಟ್ಟು ತಟ್ಟನೆ ಬಲಕ್ಕೆ ತಿರುಗಿ, ಖಾಲಿ ಫುಟ್‌ಪಾತನ್ನು ಹುಡುಕತೊಡಗಿದಳು.

“ಆಂಟಿ, ನಾನು ಈ ಕಡೆ ಇದೀನಿ. ಇದು ಯಾಕೆ ಆ ಕಡೆ ನೋಡತ್ತೆ?”

ಮೂರು ವರ್ಷದಲ್ಲಿ ಹಾಗೆ ಕೇಳಿದ್ದು ಈ ಹುಡುಗಿಯೊಬ್ಬಳೇ. ಬೊಟ್ಟುವಿಗೆ ಎಡಗಿವಿ ಕೇಳಿಸುವುದಿಲ್ಲ. ಒಂದೇ ಕಿವಿಯಲ್ಲಿ ಕೇಳುವವಳಿಗೆ ಸದ್ದು ಬಂದದ್ದು ಗೊತ್ತಾಗುತ್ತದೆ, ಎತ್ತಲಿಂದ ಅನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿಯೇ ಹಗ್ಗ ಬಿಡುವುದಿಲ್ಲ ನಾನು. ಏಳು ತಿಂಗಳಿದ್ದಾಗ ಒಮ್ಮೆ ಬಿಟ್ಟು, ಹಿಂದಿನಿಂದ ಕರೆದಿದ್ದೆ. ನಾನಿದ್ದ ಕಡೆ ಬಿಟ್ಟು ನೇರ ರಸ್ತೆಗೆ ಓಡಿದ್ದಳು.

ಮರಿ ಮಾರಿದವನು ನನ್ನೆದುರಿಗೇ ಚಪ್ಪಾಳೆ ತಟ್ಟಿ ತೋರಿಸಿದ್ದ. ಮರಿ ತಿರುಗಿತು, ನಾನು ಮರುಳಾದೆ. ಚಪ್ಪಾಳೆಗೆ ಒಂದು ಕಿವಿ ಸಾಕು ಎಂದು ಆಗ ತಿಳಿದಿರಲಿಲ್ಲ. ತಲೆಗೆ ಸಣ್ಣ ತಂತಿ ಹಚ್ಚಿ, ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ಮಿದುಳಿಗೆ ತಲುಪಿತೇ ಎಂದು ಅಳೆಯುವ ‘ಬೇರ್’ ಪರೀಕ್ಷೆ ಇದೆ. ಮರಿಗೆ ಐದು ವಾರವಾದರೆ ಮಾಡಿಸಬಹುದು. ಅಮೆರಿಕದಲ್ಲಿ ಹೀಗೆ ಪರೀಕ್ಷಿಸಿದ ಡಾಲ್ಮೇಷಿಯನ್‌ಗಳಲ್ಲಿ ಸುಮಾರು ಶೇ. 30ಕ್ಕೆ ಒಂದೋ ಎರಡೋ ಕಿವಿ ಕೇಳಿಸುತ್ತಿರಲಿಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು ಅದರ ಕಾರಣ. ಈ ಮರಿಗಳು ಹುಟ್ಟುವಾಗ ಅಚ್ಚ ಬಿಳಿ. ಚುಕ್ಕಿ ಮೂಡುವುದು ಆಮೇಲೆ. ಬಣ್ಣ ಕೊಡುವ ಜೀವಕೋಶಗಳು ಒಳಗಿವಿಗೂ ಬೇಕು. ಅವು ಅಲ್ಲಿ ಇಲ್ಲದಿದ್ದರೆ ಸದ್ದು ಹಿಡಿಯುವ ಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಜನ ಗಾಡಿ ನಿಲ್ಲಿಸಿ ನೋಡುವ ಬಿಳುಪೇ ಕಿವಿಯನ್ನೂ ತಿಂದಿರುತ್ತದೆ.

ಇದನ್ನೆಲ್ಲ ಆ ಅಪ್ಪನಿಗೆ ಹೇಳಿದೆ. ಕೇಳಿಸಿಕೊಂಡರು, ಸುಳ್ಳಲ್ಲ. ತಾಯಿ ನಾಯಿಯನ್ನು ನೋಡಿದ್ರಾ ಎಂದೆ. “ವಿಡಿಯೋ ಕಳಿಸಿದಾರೆ.” ಮರಿಗೆ ಎಷ್ಟಾಯಿತು? “ಐದು ವಾರ. ಭಾನುವಾರ ಮನೆಗೇ ತಂದುಕೊಡ್ತಾರಂತೆ.” ಎಂಟು ವಾರವಾದರೂ ತಾಯಿ ಜೊತೆ ಇರಬೇಕು, ಕಚ್ಚಾಟದ ಮಿತಿ ಕಲಿಯುವುದೇ ಅಲ್ಲಿ, ಅವರ ಮನೆಗೆ ಹೋಗಿ ನೋಡಿ, ಎರಡೂ ಕಿವಿಯ ರಿಪೋರ್ಟ್ ಕೇಳಿ ಎಂದೆ. ಕುದುರೆಗಾಡಿ ಜೊತೆ ಮೈಲಿಗಟ್ಟಲೆ ಓಡುತ್ತಿದ್ದ ತಳಿ, ಓಡಿಸದಿದ್ದರೆ ಸೋಫಾ ಉಳಿಯಲ್ಲ ಎಂದೂ ಸೇರಿಸಿದೆ. ಈ ತಳಿಯನ್ನು ಕಾಡುವ ಮೂತ್ರದ ಕಲ್ಲಿನ ವಿಷಯಕ್ಕೆ ಬರುವಷ್ಟರಲ್ಲಿ ಅವರು ಗಡಿಯಾರ ನೋಡಿಕೊಂಡರು.

“ಅಡ್ವಾನ್ಸ್ ಕೊಟ್ಟಾಗಿದೆ ಮೇಡಂ.”

ಕೆಟ್ಟವರಲ್ಲ ಅವರು. ಫ್ರಿಜ್ ಕೊಳ್ಳುವಾಗ ಇದೇ ಮನುಷ್ಯ ವಾರಂಟಿ ಕಾರ್ಡಿನ ಪ್ರತಿ ಸಾಲೂ ಓದುತ್ತಾರೆ, ಬೇಕಾದರೆ ಬರೆದುಕೊಡುತ್ತೇನೆ. ಹತ್ತು ಹನ್ನೆರಡು ವರ್ಷ ಮನೆಯಲ್ಲಿರುವ ಜೀವಕ್ಕೆ ವಿಡಿಯೋ ಸಾಕಾಯಿತು. ಆದರೆ ಬೈಯಲು ನನಗೆ ಯಾವ ಯೋಗ್ಯತೆ? ನಾನೂ ಒಂದು ಚಪ್ಪಾಳೆಗೆ ದುಡ್ಡು ಎಣಿಸಿಕೊಟ್ಟವಳು. ಆ ದುಡ್ಡಲ್ಲೇ ಅವನು ಮುಂದಿನ ಸಲದ ಮರಿ ಹಾಕಿಸಿರಬೇಕು. ಈಗ ದಿನಾ ಬೆಳಿಗ್ಗೆ ಸಂಜೆ ಅವನ ಜಾಹೀರಾತನ್ನು ಬಿಟ್ಟಿಯಾಗಿ ಮೆರೆಸಿಕೊಂಡು ಬರುತ್ತಿದ್ದೇನೆ. ಬೊಟ್ಟು ಚೆನ್ನಾಗಿ ಕಾಣಿಸಿದಷ್ಟೂ ಅವನಿಗೇ ಲಾಭ. ‘ಎಡಗಿವಿ ಕೇಳಿಸುವುದಿಲ್ಲ’ ಎಂದು ಇವಳ ಬೆನ್ನಿಗೊಂದು ಬೋರ್ಡು ಕಟ್ಟಿದರೂ ಜನ ಬೋರ್ಡಿನ ಸುತ್ತಲಿನ ಚುಕ್ಕಿ ನೋಡುತ್ತಾರೆ.

ಇವತ್ತು ಸಂಜೆ ಅದೇ ಹುಡುಗಿ ಎದುರಾದಳು, ಅಜ್ಜಿಯ ಜೊತೆ. ಓಡಿ ಬರಲಿಲ್ಲ. ನನ್ನನ್ನು ದಾಟಿ, ಸುತ್ತಿ ಬಲಗಡೆಗೆ ಬಂದು ಕೂತು, ಆಮೇಲೆ ಕರೆದಳು. ಬೊಟ್ಟು ಸೀದಾ ಅವಳ ಮುಖ ನೋಡಿ ಬಾಲ ಬೀಸಿದಳು.

“ನಮ್ಮ ಮರಿಗೆ ಯಾವ ಕಡೆ ಕೇಳತ್ತೆ ಅಂತ ಅಪ್ಪ ಫೋನ್ ಮಾಡಿ ಕೇಳಿದ್ರು ಆಂಟಿ.”

“ಏನಂದ್ರಂತೆ?”

“ಫೋನ್ ಇಟ್ಬಿಟ್ರಂತೆ.”

ನಾಳೆ ಭಾನುವಾರ.