ಕಾರ್ಡ್ ಪೆಟ್ಟಿಗೆ: 23ನೇ ಪತ್ರ ಕೊನೆಗೂ ಸಿಕ್ಕಿತು

ಮೂರು ಭಾನುವಾರ ತಿಂದು ಹಾಕಿದ, ಹಳೆಯ ಕ್ರೈಸ್ತ ಗುರು ಅಗಸ್ಟೀನನ ಪತ್ರ ಸಿಕ್ಕಿತು!

ನನ್ನ ಕಾರ್ಡ್ ಪೆಟ್ಟಿಗೆ ಹೀಗಿದೆ. ಪ್ರೊಟೆಸ್ಟೆಂಟ್ ಸುಧಾರಕರು ಸಭಾಪಿತೃಗಳ (ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಗುರುಗಳ) ಹೆಸರೆತ್ತಿದ ಕಡೆಯೆಲ್ಲ ಒಂದೊಂದು ಕಾರ್ಡ್. ಮೂಲದಲ್ಲಿ ಆ ಮಾತು ಸಿಕ್ಕರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಸ್ಕ್ಯಾನ್, ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ), ಅದು ಹಳೆಯ ಅಚ್ಚಿನ ಉದ್ದನೆಯ 'ಎಸ್' ಅನ್ನು 'ಎಫ್' ಎಂದು ಓದುವ ಗೋಳು, ಅದೆಲ್ಲ ಬಿಡಿ.

ಕಾಟ ಕೊಟ್ಟದ್ದು ಈಗಿನ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಕಾರ್ಡು. 1536ರ ಅಕ್ಟೋಬರ್‌ನಲ್ಲಿ ಅಲ್ಲಿ ಬಹಿರಂಗ ವಾದ ನಡೆಯಿತು. ನೀವು ಹಿಂದಿನ ಗುರುಗಳಿಗೆ ಬೆಲೆಯನ್ನೇ ಕೊಡುವುದಿಲ್ಲ ಎಂದು ಕ್ಯಾಥೊಲಿಕ್ ಕಡೆಯವರು ಚುಚ್ಚಿದರು. ಅಲ್ಲಿಯವರೆಗೆ ಸುಮ್ನೆ ಕೂತಿದ್ದ 27 ವರ್ಷದ ಸುಧಾರಕ ಕ್ಯಾಲ್ವಿನ್ ಎದ್ದು ನಿಂತ. ತೆರ್ತುಲಿಯನ್, ಸಿಪ್ರಿಯನ್, ಅಗಸ್ಟೀನ್ ಎಂದು ಶುರು ಮಾಡಿದ. ಬರೀ ಹೆಸರಲ್ಲ, ಆ ಮಾತು ಬರಹದ 'ನಡುವಿನಲ್ಲಿ', 'ಕೊನೆಯ ಹತ್ತಿರ' ಎಂದು ಜಾಗವನ್ನೂ ನೆನಪಿನಿಂದಲೇ ಹೇಳಿದ. ಅದರಲ್ಲೊಂದು, ಬಿಷಪ್ ಬೊನಿಫಾಸ್‌ಗೆ ಅಗಸ್ಟೀನ್ ಬರೆದ 23ನೇ ಪತ್ರ.

ನನ್ನ ಪುಸ್ತಕದಲ್ಲಿ 23ನೇ ಪತ್ರ ಮಾಕ್ಸಿಮಿನಸ್ ಎಂಬುವನಿಗೆ! ಬೊನಿಫಾಸ್ ಪತ್ರದ ವಿಷಯವಾದ ದೀಕ್ಷಾಸ್ನಾನವೇ (ಕ್ರೈಸ್ತ ಸಭೆಗೆ ಸೇರಿಸುವ ನೀರಿನ ವಿಧಿ) ಈ ಪತ್ರದಲ್ಲೂ ಇದೆ. ಹಾಗಾಗಿ ಕ್ಯಾಲ್ವಿನ್ ಹೆಸರು ತಪ್ಪಿದ್ದಾನೆ ಎಂದುಕೊಂಡೆ. ಕೆಂಪು ಅಂಟಿಸಿ ಮಲಗಿದೆ. ನಿದ್ದೆ ಬರಲಿಲ್ಲ.

ತಪ್ಪು ನನ್ನದೇ. 17ನೇ ಶತಮಾನದ ಕೊನೆಗೆ ಪ್ಯಾರಿಸ್‌ನ ಸೇಂಟ್ ಮೋರ್ ಸನ್ಯಾಸಿಗಳು ಆ ಪತ್ರಗಳನ್ನೆಲ್ಲ ಕಾಲಕ್ರಮಕ್ಕೆ ಜೋಡಿಸಿದರು. ಹಳೆಯ 23 ಈಗ 98. ಹಳೆ-ಹೊಸ ನಂಬರುಗಳ ಪಟ್ಟಿ ಇತ್ತು, ಆದರೆ ನನಗೆ ಮರುಮುದ್ರಣ ಮಾರಿದ ಪುಣ್ಯಾತ್ಮರು ಆ ಪುಟಗಳನ್ನೇ ನುಂಗಿದ್ದರು. ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಮಾತ್ರ ಒಂದು ಪುಟದಲ್ಲಿ ಉಗುರಿನ ಸಮೇತ ಸೊಗಸಾಗಿ ಅಚ್ಚಾಗಿದೆ. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ.

98ರ ಕೊನೆಯ ಹತ್ತಿರ ಹೋದರೆ, ಇದೆ! ಕ್ರಿಸ್ತನ ದೇಹದ ಸಂಸ್ಕಾರ (ಆರಾಧನೆಯಲ್ಲಿ ಹಂಚುವ ರೊಟ್ಟಿ) 'ಒಂದು ರೀತಿಯಲ್ಲಿ' ಕ್ರಿಸ್ತನ ದೇಹವೇ ಎನ್ನುತ್ತಾನೆ ಅಗಸ್ಟೀನ್. ಕ್ಯಾಲ್ವಿನ್‌ಗೆ ಬೇಕಿದ್ದದ್ದು ಆ 'ಒಂದು ರೀತಿಯಲ್ಲಿ'. ಎದುರಿನವರಿಗೆ ಬೇಕಿದ್ದದ್ದು 'ದೇಹವೇ'. ಆ ರೊಟ್ಟಿ ನಿಜವಾಗಿ ಕ್ರಿಸ್ತನ ದೇಹವೇ ಎಂಬುದೇ ಅಲ್ಲಿನ ಜಗಳ. ಕೆಂಪು ಕಿತ್ತು ಹಸಿರು ಅಂಟಿಸಿದೆ.

(ಮಧ್ಯೆ ಒಂದು ಮಾತು. ಕ್ಯಾಲ್ವಿನ್‌ನ ಮೊದಲ ದೊಡ್ಡ ಪುಸ್ತಕ ಅದೇ ವರ್ಷ ಅಚ್ಚಾದದ್ದು ಬಾಸೆಲ್‌ನಲ್ಲಿ. ಅದೇ ಊರಿನ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಚ್ಚುಕೂಟ ಹಾಕಿತು. ಮುಂದಿನ ಪೆಟ್ಟಿಗೆ ಅದರ ಕನ್ನಡ ಅಚ್ಚುಮೊಳೆಗಳದ್ದು. ಹೆಂಡತಿಗೆ ಇನ್ನೂ ಹೇಳಿಲ್ಲ.)

ಆದರೆ ಹಸಿರು ಚುಕ್ಕೆ ಹೇಳುವುದು ಮಾತು ನಿಜವೇ ಅಂತ ಮಾತ್ರ. ಅದಕ್ಕೆ ತೂಕ ಎಷ್ಟು? 1546ರಲ್ಲಿ ಕ್ಯಾಥೊಲಿಕ್ಕರ ಟ್ರೆಂಟ್ ಮಹಾಸಭೆ, ಪಿತೃಗಳೆಲ್ಲ ಒಮ್ಮತದಿಂದ ಹೇಳಿದ್ದಕ್ಕೆ ವಿರುದ್ಧವಾಗಿ ಬೈಬಲ್ಲಿಗೆ ಅರ್ಥ ಹೇಳಬೇಡಿ ಎಂದಿತು. ಕ್ಯಾಲ್ವಿನ್‌ಗೆ ಅವರು ನೆರವಿಗೆ ಇರುವವರು, ಆಳುವುದಕ್ಕಲ್ಲ. ಮಜಾ ಏನೆಂದರೆ, ಈ ಅಸ್ತ್ರವನ್ನು ಕೊಟ್ಟವನೂ ಅಗಸ್ಟೀನೇ. ಇನ್ನೊಬ್ಬ ಸಭಾಪಿತೃ ಜೆರೋಮ್‌ಗೆ ಬರೆದ 82ನೇ ಪತ್ರದಲ್ಲಿ (ಹೊಸ ನಂಬರ್, ಎರಡು ಸಲ ನೋಡಿದ್ದೇನೆ) ತಪ್ಪಿಲ್ಲವೆಂದು ನಂಬುವುದು ಬೈಬಲ್ಲಿನ ಪುಸ್ತಕಗಳನ್ನು ಮಾತ್ರ, ಉಳಿದವರು ಎಷ್ಟೇ ಪುಣ್ಯವಂತರಾಗಲಿ, ನನ್ನನ್ನು ಒಪ್ಪಿಸಬೇಕು ಎನ್ನುತ್ತಾನೆ. ಅದಕ್ಕೂ ಮುಂಚೆ ಮಾನಿ ಎಂಬ ಮತಸ್ಥಾಪಕನ ಅನುಯಾಯಿಗಳ ವಿರುದ್ಧ ಬರೆಯುವಾಗ, ಕ್ರೈಸ್ತ ಸಭೆಯ (ಚರ್ಚಿನ) ಅಧಿಕಾರ ನನ್ನನ್ನು ಪ್ರೇರೇಪಿಸದಿದ್ದರೆ ಸುವಾರ್ತೆಯನ್ನೇ ನಂಬುತ್ತಿರಲಿಲ್ಲ ಎಂದವನೂ ಇವನೇ! ಒಬ್ಬನೇ ಮನುಷ್ಯ ಎರಡು ಪಕ್ಷಕ್ಕೂ ಸಾಕ್ಷಿ. ನನಗೆ ಕೇಳಿದರೆ ಲೊಸಾನ್‌ನಲ್ಲಿ ಕ್ಯಾಲ್ವಿನ್ ಗೆದ್ದದ್ದು ನೆನಪಿನ ಬಲದಿಂದ, ತೂಕದ ಪ್ರಶ್ನೆ ಅಲ್ಲೇ ಉಳಿಯಿತು.

ಅಂಥ ಕಾರ್ಡುಗಳಿಗೆ ಹಳದಿ ಚುಕ್ಕೆ ಬೇಕು ಅಲ್ವಾ? ಆರ್ಡರ್ ಮಾಡಿದೆ. ಕಿತ್ತಳೆ ಬಣ್ಣದ್ದು ಬಂದಿದೆ. ರಾತ್ರಿ ದೀಪದಲ್ಲಿ ಅದಕ್ಕೂ ಕೆಂಪಿಗೂ ವ್ಯತ್ಯಾಸವೇ ಕಾಣುವುದಿಲ್ಲ.